ಎಳ್ಳು ಬೀರಿದ ತಿಂಗಳಿಗೆ

ಗೆಳೆತನಕ್ಕೆಂದೇ ಮೀಸಲಾದ ಹಬ್ಬ ನಮ್ಮಲ್ಲಿ ಯಾವುದೆಂದು ಯಾರಾದರೂ ಕೇಳಿದರೆ ಮೈಸೂರು ಸೀಮೆಯವರು ತಡವರಿಸಬೇಕಾಗಿಲ್ಲ. ಯುಗಾದಿ ಮನೆಯವರ ಹಬ್ಬ, ಗೌರಿ ತವರಿನ ಹಬ್ಬ. ಸಂಕ್ರಾಂತಿಯಾದರೋ ಹೊಸಿಲು ದಾಟಿ ಬೀದಿಗಿಳಿಯುವ ಹಬ್ಬ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡಬೇಕೆಂಬುದನ್ನು ಕೇಳದೆ ಬೆಳೆದ ಮಗು ನಮ್ಮಲ್ಲಿ ವಿರಳ. ವರ್ಷವಿಡೀ ನಲ್ಲಿಯ ಬಳಿ ಮುಖ ತಿರುಗಿಸಿಕೊಂಡ ಎದುರುಮನೆಯಾಕೆಯೂ ಅಂದು ತಟ್ಟೆ ಹಿಡಿದು ಬಂದರೆ ಹಿಂದಕ್ಕೆ ಕಳುಹಿಸುವ ಪದ್ಧತಿಯಿಲ್ಲ.

ಕೃಷ್ಣರಾಜನಗರದಿಂದ ಹಾಸನದ ಕಡೆಗೆ ಹೋಗುವ ಹಾದಿಯಲ್ಲಿರುವ ಭೇರ್ಯದ ಸುತ್ತಮುತ್ತ ಈ ಹಬ್ಬಕ್ಕೆ ಇನ್ನಷ್ಟು ಕಳೆಯುಂಟು. ಭತ್ತದ ಸುಗ್ಗಿ ಮುಗಿದಿರುತ್ತದೆ. ಕಾವೇರಿ ಧುಮುಕುವ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ, ಶ್ರೀರಾಮನ ರಥೋತ್ಸವ. ಸಂಜೆ ಸಿಂಗರಿಸಿದ ಎತ್ತುಗಳನ್ನು ಕಿಚ್ಚು ಹಾಯಿಸುವ ಸಂಭ್ರಮ. ಮನೆಯೊಳಗೆ ವಾರದ ಮುಂಚಿನಿಂದಲೇ ಕೊಬ್ಬರಿಯ ಕಪ್ಪು ಸಿಪ್ಪೆಯನ್ನು ಹೆರೆದು ಸಣ್ಣಗೆ ಹೆಚ್ಚುವ, ಅಚ್ಚುಬೆಲ್ಲವನ್ನು ಅಡಕೆಕತ್ತರಿಯಲ್ಲಿ ತುಂಡರಿಸಿ ಬಿಸಿಲಿಗೆ ಹರಡುವ ಕೆಲಸ ಸಾಗಿರುತ್ತದೆ. ಬಿಳಿ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ ಬೆರೆತ ಮೇಲೆ ಸಕ್ಕರೆ ಅಚ್ಚು, ಕಬ್ಬಿನ ತುಂಡು, ಎಲಚಿ ಹಣ್ಣು.

ಇಷ್ಟೆಲ್ಲವನ್ನೂ ಕಂಡು ಬೆಳೆದ ನನ್ನ ತಂಗಿ ಈಗ ಗಂಡನೊಡನೆ ಫಿನ್ಲೆಂಡಿನ ಎಸ್ಪೊ ನಗರದಲ್ಲಿದ್ದಾಳೆ. ರಾಜಧಾನಿ ಹೆಲ್ಸಿಂಕಿಗೆ ಅಂಟಿಕೊಂಡ ಊರು; ನೋಕಿಯಾ ಕಂಪನಿಯ ಕೇಂದ್ರ ಕಚೇರಿ ಇರುವುದು ಅಲ್ಲಿಯೇ. ದಂಪತಿಗಳಿಬ್ಬರೂ ಉದ್ಯೋಗಸ್ಥರು. ಸಂಕ್ರಾಂತಿಗೆ ಅಲ್ಲಿ ರಜವಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಅಂದು ಸೂರ್ಯ ಕಾಣುವುದು ಬೆಳಗ್ಗೆ ಒಂಬತ್ತು ದಾಟಿದ ಮೇಲೆ. ನಾಲ್ಕು ಹೊಡೆಯುವ ಮೊದಲೇ ಅಸ್ತಮಾನ. ಕಚೇರಿಗೆ ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು.

ಅಲ್ಲಿ ನೆಲೆಸಿದ ಮೊದಲ ವರ್ಷ ಭಾವನವರು ಸುಲಭದ ದಾರಿಯನ್ನೇ ಸೂಚಿಸಿದರು. ಶನಿವಾರ ಪರಿಚಯದ ಕನ್ನಡದ ಮನೆಗಳವರೆಲ್ಲ ಒಂದೆಡೆ ಸೇರಿ ಎಳ್ಳು ಹಂಚಿಕೊಂಡರಾಯಿತು ಎಂದರು. ಪರದೇಶಗಳಲ್ಲಿರುವ ನಮ್ಮವರು ಬಹುಮಟ್ಟಿಗೆ ಹೀಗೆಯೇ ಮಾಡುವುದು. ಅದರಲ್ಲಿ ತಪ್ಪೇನೂ ಇಲ್ಲ. ತಂಗಿಗೆ ಮಾತ್ರ ಸಮಾಧಾನವಾಗಲಿಲ್ಲ. “ಅವರು ಹೇಗೂ ನಮ್ಮವರೇ ಅಲ್ಲವೆ ಅಕ್ಕ? ಎಳ್ಳು ಬೀರುವುದು ಪಕ್ಕದ ಮನೆಗೆ” ಎಂದು ನನಗೆ ಫೋನಿನಲ್ಲಿ ಹೇಳಿದಳು. ಆದರೆ ಪಕ್ಕದ ಮನೆಯವರು ಲಿಫ್ಟಿನಲ್ಲಿ ತಲೆದೂಗುವುದಕ್ಕಿಂತ ಹೆಚ್ಚಿನ ಸಲಿಗೆ ತೋರಿದವರಲ್ಲ. ಮುಂಚಿತವಾಗಿ ತಿಳಿಸದೆ ಇನ್ನೊಬ್ಬರ ಬಾಗಿಲು ತಟ್ಟುವುದು ಅಲ್ಲಿನ ರೂಢಿಯಲ್ಲ.

ತೊಡಕು ಅಷ್ಟೇ ಅಲ್ಲ. 2019ರ ಡಿಸೆಂಬರ್ ತಿಂಗಳಿನಿಂದ ಯೂರೋಪಿನ ಒಕ್ಕೂಟದೊಳಕ್ಕೆ ಹೊರದೇಶದ ಹಸಿ ಹಣ್ಣು, ಗಿಡದ ಭಾಗಗಳನ್ನು ಸಸ್ಯಾರೋಗ್ಯ ಪತ್ರವಿಲ್ಲದೆ ಒಯ್ಯುವಂತಿಲ್ಲ. ಬಾಳೆಹಣ್ಣು, ಅನಾನಸಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕಬ್ಬಿನ ಜಲ್ಲೆ, ಎಲಚಿ ಹಣ್ಣುಗಳ ಆಸೆ ಬಿಡಬೇಕಾಯಿತು. ಇನ್ನು ಎಳ್ಳು ಮತ್ತು ಕಡಲೆಕಾಯಿ ಕೆಲವರ ಮೈಗೆ ಒಗ್ಗುವುದಿಲ್ಲ. ತುಟಿ ಊದಿಕೊಂಡು ಉಸಿರಿಗೇ ಸಂಚಕಾರ ಬರುವುದುಂಟು. ಆ ಒಕ್ಕೂಟದ ನಿಯಮದಂತೆ ತಿನಿಸುಗಳಲ್ಲಿ ಕಡ್ಡಾಯವಾಗಿ ಸೂಚಿಸಬೇಕಾದ 14 ಪದಾರ್ಥಗಳಲ್ಲಿ ಇವೆರಡೂ ಸೇರಿವೆ. ಅಮೆರಿಕದಲ್ಲಿಯೂ 2023ರ ಜನವರಿ 1ರಿಂದ ಎಳ್ಳು ಅಂಥ ಪಟ್ಟಿಗೆ ಸೇರಿದೆ. ಸ್ನೇಹಕ್ಕೆಂದು ಕೊಟ್ಟದ್ದು ಪ್ರಾಣಕ್ಕೆ ಮುಳುವಾಗಬಾರದಲ್ಲ! ತಂಗಿ ಪೊಟ್ಟಣದಲ್ಲಿರುವ ಐದು ಪದಾರ್ಥಗಳ ಹೆಸರನ್ನೂ ಫಿನ್ನಿಷ್ ಭಾಷೆಯಲ್ಲಿ ಚೀಟಿಯ ಮೇಲೆ ಬರೆದುಕೊಂಡು ಹೊರಟಳು.

ಎದುರುಮನೆಯಲ್ಲಿ ಒಬ್ಬಂಟಿಯಾಗಿರುವ ವೃದ್ಧೆ ಬಾಗಿಲು ತೆರೆದು, ಚೀಟಿಯನ್ನು ಕೊನೆಯವರೆಗೆ ಓದಿ, “ಕೀತೋಸ್” ಎಂದು ಪೊಟ್ಟಣವನ್ನು ತೆಗೆದುಕೊಂಡು ಬಾಗಿಲು ಮುಚ್ಚಿದರು. ಕೀತೋಸ್ ಎಂದರೆ ವಂದನೆ. ಅಷ್ಟೇ. ಮೇಲಿನ ಮನೆಯವರು ಮಗುವಿಗೆ ಕಡಲೆಕಾಯಿ ಆಗದೆಂದು ವಿನಯದಿಂದಲೇ ಹಿಂದಿರುಗಿಸಿದರು. ಅಂದು ರಾತ್ರಿ ತಂಗಿಯ ದನಿ ಸಣ್ಣದಾಗಿತ್ತು. “ಒಳಗೆ ಬಾ ಎಂದು ಒಬ್ಬರೂ ಅನ್ನಲಿಲ್ಲ ಅಕ್ಕ” ಎಂದಳು. ಕುಂಕುಮವಿಟ್ಟು, ಕೂರಿಸಿ, ತಟ್ಟೆ ಬರಿದಾಗದಂತೆ ತಮ್ಮ ಮನೆಯ ಎಳ್ಳನ್ನು ತುಂಬಿ ಕಳುಹಿಸುವ ಊರಿನಿಂದ ಹೋದವಳಿಗೆ ಹಾಗನ್ನಿಸಿದ್ದು ಸಹಜ.

ಸರಿಯಾಗಿ ಒಂದು ತಿಂಗಳು ಕಳೆಯಿತು. ಫೆಬ್ರವರಿ 14ರ ಬೆಳಗ್ಗೆ, ಬಾಗಿಲಿನಲ್ಲಿ ಕಾಗದ ಹಾಕಲೆಂದಿರುವ ಕಿಂಡಿಯಿಂದ ಒಂದು ಕಾರ್ಡು ಒಳಗೆ ಬಿದ್ದಿತ್ತು. ಆ ದಿನವನ್ನು ಪ್ರೇಮಿಗಳ ದಿನವೆಂದು ತಿಳಿದ ನಮಗೆ ಎದುರುಮನೆಯ ಅಜ್ಜಿಯಿಂದ ಕಾರ್ಡು ಬಂದರೆ ನಗು ಬಂದೀತು. ಫಿನ್ನರಿಗೆ ಅದು ‘ಯುಸ್ತಾವಾನ್‌ಪೈವಾ’, ಎಂದರೆ ಗೆಳೆಯರ ದಿನ. 1980ರ ದಶಕದಲ್ಲಿ ರೂಢಿಗೆ ಬಂದ ಈ ಹಬ್ಬಕ್ಕೆ ಅಲ್ಲಿಯೂ ರಜವಿಲ್ಲ. ಸಹೋದ್ಯೋಗಿಗಳು, ನೆರೆಯವರು, ಶಾಲೆಯ ಒಡನಾಡಿಗಳು ಪರಸ್ಪರ ಕಾರ್ಡು ಕಳುಹಿಸಿಕೊಳ್ಳುತ್ತಾರೆ. ನೆರೆಯ ಎಸ್ಟೋನಿಯದಲ್ಲಿಯೂ ಅದು ಗೆಳೆಯರ ದಿನವೇ. ಅರ್ಜೆಂಟೀನದವರು 1969ರಲ್ಲಿ ಮಾನವ ಚಂದ್ರನ ಮೇಲಿಳಿದ ನೆನಪಿಗೆ ಜುಲೈ 20ರಂದು ಗೆಳೆಯರ ದಿನವನ್ನು ಆಚರಿಸುತ್ತಾರೆ. ವಿಶ್ವಸಂಸ್ಥೆ 2011ರಲ್ಲಿ ಜುಲೈ 30ನ್ನು ಗೊತ್ತುಮಾಡಿತು. ನಮ್ಮ ಪೇಟೆಗಳಲ್ಲಿ ಆಗಸ್ಟ್ ಮೊದಲ ಭಾನುವಾರ ಮಾರಾಟವಾಗುವ ಬಣ್ಣದ ದಾರಗಳಿಗಿಂತ ಫಿನ್ನರ ಕಾರ್ಡೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ: ಅಂಚೆಯ ಹಬ್ಬ ಮಾತು ಕಡಿಮೆಯಿರುವವರಿಗೆ ಹೇಳಿ ಮಾಡಿಸಿದ್ದು.

ಕಾರ್ಡಿನಲ್ಲಿ ಅಜ್ಜಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದಿದ್ದರು. ಎಳ್ಳನ್ನು ದಿನಕ್ಕೊಂದು ಚಮಚೆಯಂತೆ ತಿಂದುದಾಗಿಯೂ ಬಿಳಿಯ ಸಕ್ಕರೆ ಗಿಳಿಯನ್ನು ತಿನ್ನಲಾರದೆ ಕಿಟಕಿಯಲ್ಲಿ ಇಟ್ಟಿರುವುದಾಗಿಯೂ ತಿಳಿಸಿದ್ದರು. ಆ ಒಂದು ತಿಂಗಳಲ್ಲಿ ಅಲ್ಲಿನ ಹಗಲು ಎರಡೂವರೆ ಗಂಟೆಯಷ್ಟು ಬೆಳೆದಿರುತ್ತದೆ; ಕಿಟಕಿಗೆ ಬಿಸಿಲು ಬರುತ್ತದೆ. ಉತ್ತರಾಯಣವೆಂದರೇನೆಂಬುದು ಪಂಚಾಂಗ ಓದದ ಫಿನ್ನರಿಗೆ ನಮಗಿಂತ ಚೆನ್ನಾಗಿ ಗೊತ್ತು.

ತಂಗಿ ಈ ಸಲ ಅಚ್ಚಿನ ಮರದ ಮಣೆಗಳನ್ನು ಕಳುಹಿಸಲು ಹೇಳಿದ್ದಾಳೆ. ಅಮ್ಮನ ಕಾಲದ ಗಿಳಿ, ಆನೆ, ಬೃಂದಾವನಗಳಲ್ಲಿ ಗಿಳಿಯ ಮಣೆಯ ಒಂದು ಅಂಚು ಸೀಳಿದೆ. ದಾರ ಬಿಗಿದು ಕಟ್ಟಿದರೆ ಇನ್ನೂ ನಡೆಯುತ್ತದೆ. ಮೇಲಿನ ಮನೆಯ ಮಗುವಿಗೆ ಕಡಲೆಕಾಯಿ ಮುಟ್ಟಿಸದೆ ಬರಿಯ ಸಕ್ಕರೆ ಆನೆಗಳನ್ನೇ ಬೇರೆಯಾಗಿ ಮಾಡುವಳಂತೆ.