ವಿಮಾನಕ್ಕೆ ಮುನ್ನ ಲೌಂಜ್‌ನಲ್ಲಿ ಮುಕ್ಕಾಲು ಗಂಟೆ

ಒಂದು ಗಂಟೆಯ ವಿಮಾನ ಪ್ರಯಾಣಕ್ಕೆ ನಾಲ್ಕು ಗಂಟೆ ಮೊದಲೇ ಮನೆ ಬಿಡಬೇಕು! ಬೆಂಗಳೂರಿನಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಯನಗರದಿಂದ ದೇವನಹಳ್ಳಿ ತಲುಪುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ. ತಪಾಸಣೆ ಮುಗಿಸಿ ಒಳಗೆ ಬಂದರೆ ಮತ್ತೆ ಕಾಯುವ ಕೆಲಸ. ಎದುರಿಗೆ ‘ಲೌಂಜ್’ ಎಂಬ ಫಲಕ ಕಾಣುತ್ತದೆ. ‘ಅಯ್ಯೋ, ಅದೆಲ್ಲ ದೊಡ್ಡ ಮನುಷ್ಯರಿಗೆ’ ಅಂದುಕೊಂಡು ಮುಂದೆ ಹೋಗಿಬಿಡುತ್ತೀರಿ ಅಲ್ಲವೇ? ನಾನೂ ಹಾಗೇ ಇದ್ದೆ.

ಇತ್ತೀಚೆಗೆ ನಾದಿನಿಯ ಸೀಮಂತಕ್ಕೆಂದು ಅತ್ತೆಯವರನ್ನು ಮಂಗಳೂರಿಗೆ ಕರೆದುಕೊಂಡು ಹೊರಟಿದ್ದೆ. ಹನ್ನೊಂದು ಗಂಟೆಯ ವಿಮಾನ. ಅತ್ತೆಗೆ ಸಕ್ಕರೆ ಕಾಯಿಲೆ. ಇನ್ನೇನು ತಲುಪಿಬಿಟ್ಟೆವು ಅಂತ ಸಾದಹಳ್ಳಿ ಟೋಲ್ ಹತ್ತಿರವೇ ಮಾತ್ರೆ ನುಂಗಿಬಿಟ್ಟರು. ಆದರೆ ತಪಾಸಣೆಯ ಸಾಲು ಹನುಮಂತನ ಬಾಲ! ಒಳಗೆ ಬಂದಾಗ ಒಂಬತ್ತೂ ಮುಕ್ಕಾಲು. ಅವರ ಹಣೆಯಲ್ಲಿ ಬೆವರು, ಕೈ ಸಣ್ಣಗೆ ನಡುಗುತ್ತಿತ್ತು. ಬ್ಯಾಗಿನಲ್ಲಿದ್ದ ಚಾಕೊಲೇಟ್ ಒಂದನ್ನು ಬಾಯಿಗಿಟ್ಟೆ. ಹೋಟೆಲುಗಳ ಮುಂದೆ ಕೂರಲು ಒಂದು ಕುರ್ಚಿಯೂ ಖಾಲಿ ಇಲ್ಲ. ನೇರವಾಗಿ ಲೌಂಜ್‌ಗೆ ನಡೆದೆ.

ನನ್ನ ಹತ್ತಿರ ಇದ್ದದ್ದು ಯಜಮಾನರ ಕ್ರೆಡಿಟ್ ಕಾರ್ಡಿನ ಜೊತೆಗೆ ಕೊಡುವ ಆಡ್-ಆನ್ ಕಾರ್ಡು. ಬಾಗಿಲಲ್ಲಿದ್ದ ಹುಡುಗಿ ಉಜ್ಜಿ ನೋಡಿ, ‘ಮೇಡಂ, ಈ ಕಾರ್ಡಿಗೆ ಸೌಲಭ್ಯ ಇಲ್ಲ’ ಅಂದಳು. ಹಿಂದೆ ನಿಂತವರ ಮುಂದೆ ನನಗೆ ಮುಖ ಎತ್ತಲಾಗಲಿಲ್ಲ. ‘ಬಾರೇ, ಎಲ್ಲಾದ್ರೂ ಎರಡು ಇಡ್ಲಿ ತಿಂದ್ರಾಯ್ತು. ಇದೆಲ್ಲ ನಮಗ್ಯಾಕೆ?’ ಅಂದರು ಅತ್ತೆ. ಆಗ ನೆನಪಾಗಿದ್ದು ನನ್ನ ಲೇಖನಗಳ ಸಂಭಾವನೆ ಜಮಾ ಆಗುವ ಖಾತೆಯ ಡೆಬಿಟ್ ಕಾರ್ಡ್. ಅದು ನಡೆಯಿತು! ಆದರೆ ನನ್ನೊಬ್ಬಳಿಗೆ ಮಾತ್ರ. ಅತ್ತೆಗೆ ಬೇರೆ ಹಣ ಕಟ್ಟಬೇಕಿತ್ತು, ಸಾವಿರಕ್ಕೂ ಮೇಲೆ. ಒಂದು ಕ್ಷಣ ಕೈ ಹಿಂಜರಿಯಿತು. ಅವರ ನಡುಗುವ ಬೆರಳು ನೋಡಿ ಕಟ್ಟಿಬಿಟ್ಟೆ. ‘ಇಬ್ಬರಿಗೂ ಫ್ರೀ ಅತ್ತೆ’ ಅಂದೆ!

ಯಾರಿಗೆ ಈ ಲೌಂಜ್?

1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನ ನಿಲ್ದಾಣದಲ್ಲಿ ‘ಅಡ್ಮಿರಲ್ಸ್ ಕ್ಲಬ್’ ತೆರೆದಾಗ ಅಲ್ಲಿಗೆ ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶ. ಇಂದಿಗೂ ವಿಮಾನ ಕಂಪನಿಗಳ ಸ್ವಂತ ಲೌಂಜ್‌ಗಳು ಮುಖ್ಯವಾಗಿ ಬಿಸಿನೆಸ್ ಕ್ಲಾಸಿನವರಿಗೆ, ಅದೇ ಕಂಪನಿಯಲ್ಲಿ ಪದೇ ಪದೇ ಹಾರುವವರಿಗೆ. ಇವಲ್ಲದೆ ಯಾವ ಕಂಪನಿಯ ಟಿಕೆಟ್ ಇದ್ದರೂ ಹೋಗಬಹುದಾದ ಸಾಮಾನ್ಯ ಲೌಂಜ್‌ಗಳಿವೆ. ಸೌಲಭ್ಯವಿರುವ ಕಾರ್ಡು, ಬೋರ್ಡಿಂಗ್ ಪಾಸ್ ತೋರಿಸಿದರೆ ಸಾಕು. ಕಾರ್ಡು ಪರೀಕ್ಷಿಸಲು ಎರಡು ರೂಪಾಯಿಯಂಥ ಸಣ್ಣ ಮೊತ್ತ ಕಡಿತವಾಗುವುದುಂಟು, ಗಾಬರಿ ಬೇಡ.

ಒಳಗೆ ಮೆತ್ತನೆಯ ಕುರ್ಚಿ, ಬಿಸಿ ಇಡ್ಲಿ-ಸಾಂಬಾರ್, ಉಪ್ಪಿಟ್ಟು, ಹಣ್ಣು, ಕಾಫಿ, ಶುಚಿಯಾದ ಶೌಚಾಲಯ. ಇಡ್ಲಿ ತಿಂದ ಹತ್ತು ನಿಮಿಷಕ್ಕೆ ಅತ್ತೆಯ ಮುಖಕ್ಕೆ ಕಳೆ ಬಂತು. ಕಾಲು ಚಾಚಿ ಹಾಯಾಗಿ ಕುಳಿತರು. ನನಗೂ ಮನೆಯ ಗಡಿಬಿಡಿ ಮರೆತು ಕಣ್ಣು ಮುಚ್ಚುವ ಹಾಗಾಯಿತು.

ಆದರೆ ಅಲ್ಲೇ ಎಡವಿದ್ದು! ಲೌಂಜ್ ಒಳಗೆ ವಿಮಾನದ ಘೋಷಣೆ ಕೇಳಿಸುವುದಿಲ್ಲ. ಕಣ್ಣುಬಿಟ್ಟು ಪರದೆ ನೋಡಿದರೆ ಹತ್ತು ಇಪ್ಪತ್ತೈದು, ನಮ್ಮ ಬೋರ್ಡಿಂಗ್ ಶುರುವಾಗಿಹೋಗಿದೆ. ಗೇಟು ಇನ್ನೊಂದು ತುದಿಯಲ್ಲಿ, ಅತ್ತೆಗೆ ಮಂಡಿನೋವು. ಕೈ ಹಿಡಿದು ಏದುಸಿರು ಬಿಡುತ್ತಾ ತಲುಪಿದಾಗ ಗೇಟು ಮುಚ್ಚಲು ಎರಡು ನಿಮಿಷ ಬಾಕಿ. ತಪ್ಪಿದ್ದರೆ ಸೀಮಂತವೇ ತಪ್ಪುತ್ತಿತ್ತು!

ನೀವು ಹೋಗುವ ಮುನ್ನ...

* ನಿಮ್ಮ ಕಾರ್ಡಿಗೆ ಲೌಂಜ್ ಸೌಲಭ್ಯ ಇದೆಯೇ, ಎಷ್ಟು ಸಲ, ಜೊತೆಯವರಿಗೂ ಇದೆಯೇ ಎಂದು ಮನೆಯಲ್ಲೇ ಬ್ಯಾಂಕಿಗೆ ಫೋನ್ ಮಾಡಿ ಕೇಳಿ. ಆಡ್-ಆನ್ ಕಾರ್ಡಿನ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸಿ.

* ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದ್ದರೆ ಮಾತ್ರ ಪ್ರವೇಶ ಎಂಬ ಷರತ್ತು ಈಗ ಅನೇಕ ಕಾರ್ಡುಗಳಿಗಿದೆ. ಎರಡು ಇಡ್ಲಿಯ ಆಸೆಗೆ ಬೇಡದ ಸೀರೆ ಕೊಳ್ಳಬೇಡಿ!

* ವಿಮಾನ ಹೊರಡುವ 25 ನಿಮಿಷ ಮುಂಚೆ ಸಾಮಾನ್ಯವಾಗಿ ಗೇಟು ಮುಚ್ಚುತ್ತದೆ. ಒಂದು ಗಂಟೆ ಮುಂಚಿತವಾಗಿ ಮೊಬೈಲಿನಲ್ಲಿ ಅಲಾರಂ ಇಡಿ. ಗೇಟ್ ಎಲ್ಲಿದೆ ಎಂದು ಮೊದಲೇ ನೋಡಿಕೊಂಡು ಬಂದು ಕೂರಿ.

* ಬಡಿಸಿಕೊಳ್ಳುವ ಊಟ ಅಂತ ತಟ್ಟೆ ತುಂಬಾ ಹಾಕಿಕೊಂಡು ಬಿಡಬೇಡಿ. ಡಬ್ಬಿಗೆ ತುಂಬಿಸಿ ತರುವುದಂತೂ ಬೇಡವೇ ಬೇಡ.

* ಲೌಂಜ್ ನಂಬಿಕೊಂಡು ಮಾತ್ರೆ ನುಂಗಬೇಡಿ. ಸಕ್ಕರೆ ಕಾಯಿಲೆಯವರ ಜೊತೆ ಹೊರಟಾಗ ಬಿಸ್ಕತ್ತು, ಬಾಳೆಹಣ್ಣು ಕೈಚೀಲದಲ್ಲೇ ಇರಲಿ.

* ಒಬ್ಬರೇ ಇದ್ದು ಅರ್ಧ ಗಂಟೆಯಷ್ಟೇ ಬಿಡುವಿದ್ದರೆ ಲೌಂಜ್ ಗೋಜು ಬೇಡ. ಹಿರಿಯರು, ಎಳೆ ಮಕ್ಕಳು ಜೊತೆಗಿದ್ದು ಸಮಯವೂ ಇದ್ದರೆ ದುಡ್ಡು ಕೊಟ್ಟರೂ ನಷ್ಟವಿಲ್ಲ.

ಇನ್ನೊಂದು ಮಾತು. ನಿಮ್ಮ ಹೆಸರಿನಲ್ಲೇ ಒಂದು ಖಾತೆ, ಒಂದು ಕಾರ್ಡು ಇರಲಿ. ಅಂದು ಬಾಗಿಲು ತೆರೆಸಿದ್ದು ನನ್ನದೇ ಪುಟ್ಟ ಸಂಪಾದನೆಯ ಕಾರ್ಡು ತಾನೇ?

ಸೀಮಂತದ ಮನೆಯಲ್ಲಿ ಅತ್ತೆ ಬಂದವರಿಗೆಲ್ಲ ಹೇಳಿದ್ದು ವಿಮಾನದ ವಿಷಯವನ್ನಲ್ಲ. ‘ನನ್ನ ಸೊಸೆ ಅದೆಂಥದೋ ಲೌಂಜ್‌ಗೆ ಕರ್ಕೊಂಡು ಹೋಗಿದ್ಲು. ಕಾಲು ಚಾಚಿ ಕೂತು ಕಾಫಿ ಕುಡಿದೆ ಕಣ್ರೀ. ಅದೂ ಫ್ರೀಯಾಗಿ!’

ಆ ಗುಟ್ಟನ್ನು ನೀವೂ ಬಿಟ್ಟುಕೊಡಬೇಡಿ, ಏನಂತೀರಿ?