ಸೊಂಟದ ಕೀಲು ಬದಲಿ ಆಪರೇಷನ್ ಆಯ್ತಾ? ಮೊದಲ 3 ತಿಂಗಳು ಮನೆಯಲ್ಲಿ ಈ ಎಚ್ಚರಿಕೆ ಮರೆಯಬೇಡಿ

ಸೂರತ್: ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆ (ಹಿಪ್ ರೀಪ್ಲೇಸ್‌ಮೆಂಟ್) ಈಗ ಅಪರೂಪವಲ್ಲ. ಆಪರೇಷನ್ ಆದ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ. ಕೆಲವೇ ದಿನಗಳಲ್ಲಿ ಡಿಸ್ಚಾರ್ಜ್ ಕೂಡ ಆಗುತ್ತದೆ. ಆದರೆ ನಿಜವಾದ ಪರೀಕ್ಷೆ ಶುರುವಾಗುವುದು ಮನೆಗೆ ಬಂದ ಮೇಲೆ. ಚಕ್ಕಳಮಕ್ಕಳ ಹಾಕಿ ಊಟ, ಇಂಡಿಯನ್ ಟಾಯ್ಲೆಟ್, ನೆಲದ ಮೇಲಿನ ಹಾಸಿಗೆ... ಹೀಗೆ ನಮ್ಮ ದಿನನಿತ್ಯದ ಅಭ್ಯಾಸಗಳೇ ಹೊಸ ಕೀಲಿಗೆ ಕಂಟಕವಾಗಬಹುದು.

ಸೂರತ್‌ನ ಉಧ್ನಾದಂಥ ಕೈಗಾರಿಕಾ ಪ್ರದೇಶದಲ್ಲಿ ಈ ಸಮಸ್ಯೆ ಇನ್ನೂ ಹೆಚ್ಚು. ಪವರ್‌ಲೂಮ್‌ಗಳಲ್ಲಿ ದುಡಿಯಲು ಹೊರ ರಾಜ್ಯಗಳಿಂದ ಬಂದ ಅನೇಕರು ಒಂದೇ ಕೋಣೆಯ ಬಾಡಿಗೆ ಮನೆಗಳಲ್ಲಿದ್ದಾರೆ. ಕಡಿದಾದ ಮೆಟ್ಟಿಲು, ಹಲವರಿಗೆ ಒಂದೇ ಶೌಚಾಲಯ. ಕೀಲು ಬದಲಿ ವಯಸ್ಸಾದವರಿಗೆ ಮಾತ್ರ ಎನ್ನುವಂತೆಯೂ ಇಲ್ಲ. ರಕ್ತ ಪೂರೈಕೆ ನಿಂತು ತೊಡೆ ಮೂಳೆಯ ತಲೆಭಾಗ ಸವೆಯುವ ‘ಎವಿಎನ್’ ಕಾಯಿಲೆಯಿಂದ ದುಡಿಯುವ ವಯಸ್ಸಿನವರಿಗೂ ಇದು ಬೇಕಾಗುತ್ತದೆ.

ಕೀಲು ಜಾರುವುದು ಏಕೆ?

ಸೊಂಟದ ಕೀಲು ಎಂದರೆ ಬಟ್ಟಲಿನಂಥ ಗುಳಿ ಮತ್ತು ಅದರೊಳಗೆ ತಿರುಗುವ ಚೆಂಡು. ಆಪರೇಷನ್‌ನಲ್ಲಿ ಎರಡನ್ನೂ ಕೃತಕ ಭಾಗಗಳಿಂದ ಬದಲಿಸಲಾಗುತ್ತದೆ. ಸುತ್ತಲಿನ ಸ್ನಾಯು, ಪೊರೆಗಳು ಕೂಡಿಕೊಂಡು ಬಿಗಿಯಾಗಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ತಪ್ಪು ಭಂಗಿಯಲ್ಲಿ ಬಾಗಿದರೆ ಚೆಂಡು ಗುಳಿಯಿಂದ ಹೊರಜಾರುವ ಅಪಾಯವಿದೆ.

ಹಿಂಬದಿಯಿಂದ ಕೊಯ್ದು ಮಾಡಿದ ಆಪರೇಷನ್ ಆಗಿದ್ದರೆ ಸಾಮಾನ್ಯವಾಗಿ ಮೂರು ನಿಯಮ ಹೇಳುತ್ತಾರೆ:

* ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬೇಡಿ. ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರದು.
* ಕಾಲ ಮೇಲೆ ಕಾಲು ಹಾಕಬೇಡಿ.
* ಆಪರೇಷನ್ ಆದ ಕಾಲನ್ನು ಒಳಮುಖವಾಗಿ ತಿರುಗಿಸಬೇಡಿ.

ಮುಂಬದಿಯಿಂದ ಮಾಡಿದ್ದರೆ ನಿಯಮಗಳು ಬೇರೆ. ಹೀಗಾಗಿ ಡಿಸ್ಚಾರ್ಜ್‌ಗೂ ಮುನ್ನ ‘ನನಗೆ ಯಾವ ವಿಧಾನ ಮಾಡಿದ್ದೀರಿ, ಎಷ್ಟು ವಾರ ಪಥ್ಯ?’ ಎಂದು ವೈದ್ಯರನ್ನು ಕೇಳಿಕೊಳ್ಳಿ.

ಚಿಕ್ಕ ಮನೆಯಲ್ಲಿ ಏನು ಮಾಡಬಹುದು?

ದುಬಾರಿ ಸಲಕರಣೆ ಬೇಕಿಲ್ಲ. ಎತ್ತರದ, ಕೈಗಳಿರುವ ಗಟ್ಟಿ ಕುರ್ಚಿ ಒಂದಿರಲಿ. ಮಂಚ ತಗ್ಗಾಗಿದ್ದರೆ ಕಾಲುಗಳ ಕೆಳಗೆ ಅಲುಗಾಡದಂತೆ ಗಟ್ಟಿ ಮರದ ತುಂಡು ಕೊಡಿ. ಇಂಡಿಯನ್ ಟಾಯ್ಲೆಟ್ ಇದ್ದರೆ ಕಮೋಡ್ ಕುರ್ಚಿ ಕಡ್ಡಾಯ. ಇದು ಬಾಡಿಗೆಗೂ ಸಿಗುತ್ತದೆ. ಸ್ನಾನದ ಮನೆಯಲ್ಲಿ ಜಾರದ ಮ್ಯಾಟ್ ಹಾಕಿ, ಕಾಲಿಗೆ ತೊಡರುವ ಚಾಪೆ, ವೈರ್ ತೆಗೆಯಿರಿ. ಮಲಗುವಾಗ ಎರಡು ಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ.

ಮೆಟ್ಟಿಲು ಹತ್ತುವಾಗ ಮೊದಲು ಆರೋಗ್ಯವಾಗಿರುವ ಕಾಲು, ಇಳಿಯುವಾಗ ಮೊದಲು ಆಪರೇಷನ್ ಆದ ಕಾಲು. ಕೋಲನ್ನು ಆಪರೇಷನ್ ಆದ ಕಾಲಿನ ವಿರುದ್ಧ ಕೈಯಲ್ಲಿ ಹಿಡಿಯಬೇಕು. ಪ್ಯಾಂಟ್ ತೊಡುವಾಗ ಆಪರೇಷನ್ ಆದ ಕಾಲಿಗೆ ಮೊದಲು, ಕಳಚುವಾಗ ಕೊನೆಗೆ.

ರಕ್ತ ಹೆಪ್ಪುಗಟ್ಟುವ ಅಪಾಯ

ಮೊದಲ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಇದನ್ನು ತಡೆಯುವ ಮಾತ್ರೆ ಅಥವಾ ಇಂಜೆಕ್ಷನ್ ಅನ್ನು ಕೆಲವರಿಗೆ 35 ದಿನಗಳವರೆಗೂ ಬರೆದುಕೊಡುತ್ತಾರೆ. ನೋವಿಲ್ಲ ಎಂದು ಮಧ್ಯದಲ್ಲಿ ನಿಲ್ಲಿಸಬೇಡಿ. ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ, ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪ ನಡಿಗೆ ಇರಲಿ.

ಊರಿಗೆ ರೈಲು ಹತ್ತುವ ಮುನ್ನ

‘ಊರಲ್ಲಿ ನೋಡಿಕೊಳ್ಳುವವರಿದ್ದಾರೆ’ ಎಂದು ಡಿಸ್ಚಾರ್ಜ್ ಆದ ಕೂಡಲೇ ಉಧ್ನಾ ಸ್ಟೇಷನ್‌ನಿಂದ ಕರ್ನಾಟಕಕ್ಕೆ ಹೊರಡುವ ಯೋಚನೆ ಸಹಜ. ಆದರೆ ಗಂಟೆಗಟ್ಟಲೆ ಅಲುಗಾಡದೆ ಕೂತರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಮೊದಲು ವೈದ್ಯರ ಒಪ್ಪಿಗೆ ಪಡೆಯಿರಿ. ಲೋವರ್ ಬರ್ತ್ ಇರಲಿ, ಜೊತೆಗೆ ಒಬ್ಬರಿರಲಿ, ವೆಸ್ಟರ್ನ್ ಶೌಚಾಲಯ ಬೋಗಿಯ ಯಾವ ತುದಿಯಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ.

ಕೂತು ಮಾಡುವ ಕೆಲಸಕ್ಕೆ ಸುಮಾರು 6 ವಾರಕ್ಕೆ ಮರಳಬಹುದು. ಲೂಮ್ ಮುಂದೆ 12 ಗಂಟೆ ನಿಲ್ಲುವವರಿಗೆ, ಭಾರ ಹೊರುವವರಿಗೆ 3 ತಿಂಗಳಾದರೂ ಬೇಕು. ಸಂಬಳ ಕಡಿತಕ್ಕೆ ಹೆದರಿ ಬೇಗ ಹೋಗಿ ಕೀಲು ಜಾರಿದರೆ ಮತ್ತೆ ಆಸ್ಪತ್ರೆ ಸೇರಬೇಕಾದೀತು.

ಇಂಪ್ಲಾಂಟ್ ಸ್ಟಿಕ್ಕರ್ ಜೋಪಾನ

ಜಾನ್ಸನ್ ಆ್ಯಂಡ್ ಜಾನ್ಸನ್‌ನ ಅಂಗಸಂಸ್ಥೆ ಡಿಪ್ಯೂ ತನ್ನ ಎಎಸ್‌ಆರ್ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ಹಿಂಪಡೆಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಅದನ್ನು ಬಳಸಲಾಗಿತ್ತು. ಅನೇಕ ರೋಗಿಗಳನ್ನು ಪತ್ತೆ ಹಚ್ಚಲು ಆಗಲೇ ಇಲ್ಲ. ಹೀಗಾಗಿ ನಿಮ್ಮ ಕೀಲಿನ ಕಂಪನಿ, ಮಾದರಿ, ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಅಥವಾ ಕಾರ್ಡ್ ಪಡೆದು, ಫೋಟೊ ತೆಗೆದಿಟ್ಟುಕೊಳ್ಳಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

* ಏಕಾಏಕಿ ತೀವ್ರ ನೋವು, ಕಾಲು ಗಿಡ್ಡವಾದಂತೆ ಕಾಣುವುದು, ಕಾಲೂರಲು ಆಗದಿರುವುದು
* ಮೀನಖಂಡದಲ್ಲಿ ನೋವು, ಊತ
* ಉಸಿರಾಟದ ತೊಂದರೆ, ಎದೆ ನೋವು
* ಗಾಯ ಕೆಂಪಾಗುವುದು, ಕೀವು, ಜ್ವರ

ತುರ್ತು ಸಂದರ್ಭದಲ್ಲಿ ಗುಜರಾತ್‌ನಲ್ಲೂ ಕರ್ನಾಟಕದಲ್ಲೂ 108ಕ್ಕೆ ಕರೆ ಮಾಡಿ.

(ಗಮನಿಸಿ: ಇದು ಸಾಮಾನ್ಯ ಮಾಹಿತಿ. ನಿಮ್ಮ ಶಸ್ತ್ರಚಿಕಿತ್ಸಕರ ಸಲಹೆಯೇ ಅಂತಿಮ.)