ಬೆಟ್ಟ ಒಂದೇ, ದಾರಿ ಬೇರೆ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಸಮುದ್ರಮಟ್ಟದಿಂದ ಸುಮಾರು 1,930 ಮೀಟರ್. ಆದರೆ ಚಿಕ್ಕಮಗಳೂರಿನಿಂದ ಹೊರಟ ವಾಹನ ಹೆಚ್ಚುಕಡಿಮೆ ಅದರ ಹೆಗಲಿನವರೆಗೂ ಹೋಗುತ್ತದೆ. ಅಲ್ಲಿಂದಾಚೆ ಕೆಲವು ನೂರು ಮೆಟ್ಟಿಲು ಹತ್ತಿದರೆ ನೆತ್ತಿಯ ಗುಡಿ ಎದುರಾಗುತ್ತದೆ. ಅದಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ಗಿಡ್ಡವಾದ ಕುಮಾರ ಪರ್ವತ, ಅಂದರೆ 1,712 ಮೀಟರಿನ ಬೆಟ್ಟ, ಗಟ್ಟಿಮುಟ್ಟಾದ ಯುವಕರನ್ನೂ ಮೊಣಕಾಲು ಹಿಡಿದು ಕೂರುವಂತೆ ಮಾಡುತ್ತದೆ. ಚಾರಣಕ್ಕೆ ಹೊರಡುವವರು ಮೊದಲು ಕೇಳುವುದು ‘ಎಷ್ಟು ಎತ್ತರ?’ ಎಂದು. ಎರಡನೆಯದು ‘ಮೇಲಿಂದ ವ್ಯೂ ಹೇಗಿದೆ?’ ಎಂದು. ಈ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದಿಂದ ಕಾಲಿಗೂ ಕಣ್ಣಿಗೂ ಆಗುವ ಉಪಯೋಗ ಕಡಿಮೆ. ಆರಿಸಬೇಕಾದ್ದು ದಾರಿಯನ್ನು. ಎಲ್ಲಿಂದ ಹತ್ತುತ್ತೇವೆ, ಯಾವ ತಿಂಗಳಲ್ಲಿ, ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ಇಳಿದಿರುತ್ತೇವೆ ಎಂಬುದು ಮೊದಲು ಗೊತ್ತಾಗಬೇಕು. ಬೆಟ್ಟದ ಹೆಸರು ಆಮೇಲೆ ಬಂದರೂ ನಡೆಯುತ್ತದೆ.

ಕುಮಾರ ಪರ್ವತವನ್ನೇ ನೋಡಿ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ, ಸಮುದ್ರಮಟ್ಟದಿಂದ ಬರೀ ನೂರು ನೂರೈವತ್ತು ಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟವರು ಸುಮಾರು 13 ಕಿಲೋಮೀಟರ್ ನಡೆದು 1,500 ಮೀಟರಿಗೂ ಮಿಕ್ಕಿ ಏರಬೇಕು. ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡು; ಬೇರುಗಳೇ ಮೆಟ್ಟಿಲಾದ ಕಡಿದಾದ ದಾರಿ, ಗಾಳಿಯಾಡದ ಸೆಕೆ. ಗಿರಿಗದ್ದೆಯ ಭಟ್ಟರ ಮನೆ, ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಕಳೆದ ಮೇಲೆ ಮರವೇ ಅಪರೂಪ. ಬೋಳು ಹುಲ್ಲುಗುಡ್ಡ, ನೆತ್ತಿಯ ಮೇಲೆ ಬಿಸಿಲು. ಕಲ್ಲುಮಂಟಪ ದಾಟಿದರೆ ಶೇಷ ಪರ್ವತ. ಅದರ ತುದಿ ಮುಟ್ಟಿ, ಬಂದೇಬಿಟ್ಟೆವು ಅಂದುಕೊಳ್ಳುವ ಹೊತ್ತಿಗೆ ದಾರಿ ಮತ್ತೆ ಕಾಡಿನ ತಗ್ಗಿಗೆ ಇಳಿಯುತ್ತದೆ. ಅಲ್ಲಿಂದ ಓರೆಯಾಗಿ ಮಲಗಿದ ಬಂಡೆಯನ್ನು ಹತ್ತಿಸುತ್ತದೆ. ಒಣಗಿದ್ದಾಗ ಕೈಯೂರಿ ಸಲೀಸಾಗಿ ಏರಬಹುದಾದ ಅದೇ ಬಂಡೆಯ ಮೇಲೆ ನೀರು ಜಿನುಗುತ್ತಿದ್ದರೆ ಬೂಟು ನಿಲ್ಲುವುದಿಲ್ಲ. ಈಗ ಬೆಟ್ಟದ ಇನ್ನೊಂದು ಮಗ್ಗುಲಿಗೆ ಬನ್ನಿ. ಸೋಮವಾರಪೇಟೆ ಕಡೆಯ ಬೀದಳ್ಳಿ ಇರುವುದೇ ಘಟ್ಟದ ಮೇಲೆ. ಅಲ್ಲಿಂದ ದೂರವೂ ಏರೂ ಕುಕ್ಕೆಯ ದಾರಿಯ ಸುಮಾರು ಅರ್ಧ, ದಾರಿಯ ಬಹುಪಾಲು ಮರಗಳ ನೆರಳು. ಎರಡೂ ಕಡೆಯವರು ಸೇರುವುದು ಒಂದೇ ನೆತ್ತಿಯಲ್ಲಿ, ತೆಗೆದುಕೊಳ್ಳುವ ಫೋಟೊ ಕೂಡ ಒಂದೇ. ಆದರೂ ಒಬ್ಬರು ಕರಾವಳಿಯ ಸೆಕೆಯಿಂದ ಹಿಡಿದು ಮಲೆಯ ತಲೆಯವರೆಗೆ ಇಡೀ ಘಟ್ಟವನ್ನು ಹತ್ತಿರುತ್ತಾರೆ, ಇನ್ನೊಬ್ಬರು ಅದರ ಮೇಲಿನ ಅರ್ಧವನ್ನು ಮಾತ್ರ.

ಈ ವ್ಯತ್ಯಾಸವನ್ನು ಮನೆಯಲ್ಲೇ ಕೂತು ಅಳೆಯಬಹುದು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಗಳಲ್ಲಿ ಪ್ರತಿ 20 ಮೀಟರ್ ಏರಿಗೆ ಒಂದು ಸಮೋನ್ನತಿ ರೇಖೆ ಇರುತ್ತದೆ. ಕುಕ್ಕೆಯಿಂದ ಶಿಖರದವರೆಗೆ ಬೆರಳಿಟ್ಟು ಎಣಿಸುತ್ತ ಹೋದರೆ ಎಪ್ಪತ್ತೈದಕ್ಕೂ ಹೆಚ್ಚು ಗೆರೆಗಳನ್ನು ದಾಟಬೇಕಾಗುತ್ತದೆ. ಗೆರೆಗಳು ಒತ್ತೊತ್ತಾಗಿರುವ ಕಡೆ ಉಸಿರು ಕಟ್ಟುವ ಏರು, ಬಿಡಿಬಿಡಿಯಾಗಿರುವ ಕಡೆ ಮಾತಾಡುತ್ತ ನಡೆಯಬಹುದಾದ ಸಪಾಟು. ಇದನ್ನು ಗಂಟೆಗಳಿಗೆ ತಿರುಗಿಸುವ ಸೂತ್ರವೊಂದನ್ನು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಕೊಟ್ಟರು. ಈಗಿನ ಅಳತೆಯಲ್ಲಿ ಹೇಳುವುದಾದರೆ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯ ದಾರಿಗೆ ಈ ಲೆಕ್ಕ ಹಾಕಿದರೆ ಐದು ಗಂಟೆಗಿಂತ ತುಸು ಹೆಚ್ಚು ಬರುತ್ತದೆ. ಆದರೆ ಇದು ಪಳಗಿದವರು ನಿಲ್ಲದೆ ನಡೆದರೆ ಹಿಡಿಯುವ ಸಮಯ. ಬೆನ್ನಿಗೆ ಚೀಲ, ಊಟ, ನೀರು, ದಣಿವು, ಸಾಲಾಗಿ ನಿಂತ ಗುಂಪು ಎಲ್ಲ ಸೇರಿದರೆ ಏಳೆಂಟು ಗಂಟೆ ಎಂದುಕೊಳ್ಳುವುದು ಕ್ಷೇಮ. ಇಳಿಯಲು ಇನ್ನು ನಾಲ್ಕೈದು ಗಂಟೆ. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಇರುವುದೇ ಹನ್ನೊಂದೂವರೆ ಗಂಟೆಯಷ್ಟು. ಒಂದೇ ದಿನದಲ್ಲಿ ಹತ್ತಿ ಇಳಿಯುತ್ತೇನೆ ಎನ್ನುವ ಹೊಸಬರ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದು ಇಲ್ಲೇ ಕಾಣುತ್ತದೆ. ಕತ್ತಲಾಗುವ ಹೊತ್ತಿಗೆ ಅವರು ಬೇರುಗಳ ಮೆಟ್ಟಿಲಿರುವ ಕಾಡಿನಲ್ಲಿ ಇನ್ನೂ ಇಳಿಯುತ್ತಿರುತ್ತಾರೆ.

ಇಳಿಯುವುದು ಸುಲಭ ಎಂಬ ನಂಬಿಕೆಯನ್ನೂ ಇಲ್ಲೇ ಕೈಬಿಡಬೇಕು. ಏರುವಾಗ ದುಡಿಯುವುದು ಹೃದಯ ಮತ್ತು ಶ್ವಾಸಕೋಶ. ನಿಂತು ಸುಧಾರಿಸಿಕೊಂಡರೆ ಅವು ಮತ್ತೆ ಸಿದ್ಧ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿದು ದೇಹದ ಭಾರವನ್ನು ಹೆಜ್ಜೆಹೆಜ್ಜೆಗೂ ತಡೆಯಬೇಕು. ಆ ಬಗೆಯ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಸಣ್ಣಸಣ್ಣ ಪೆಟ್ಟು ಬೀಳುತ್ತದೆ. ಮರುದಿನ, ಅದರ ಮರುದಿನ ಮೆಟ್ಟಿಲು ಇಳಿಯಲಾಗದೆ ಒದ್ದಾಡುವುದು ಅದರಿಂದಲೇ. ಬಳಲಿದ ತೊಡೆ ತಡೆಯಲಾರದ ಭಾರವನ್ನು ಮೊಣಕಾಲು ಹೊರುತ್ತದೆ, ಪಾದ ಜಾರುತ್ತದೆ. ಆದ್ದರಿಂದ ದಾರಿಯ ಕಷ್ಟವನ್ನು ಅಳೆಯುವಾಗ ಶಿಖರವನ್ನು ಅರ್ಧದಾರಿ ಎಂದೇ ಎಣಿಸಬೇಕು. ಕಡಿದಾದ ಕಡೆಯಿಂದ ಹತ್ತಿ ಸೌಮ್ಯವಾದ ಕಡೆಯಿಂದ ಇಳಿಯುವ ಅವಕಾಶವಿರುವ ದಾರಿ ಸಿಕ್ಕರೆ, ಅದಕ್ಕೆ ಅನುಮತಿಯೂ ಇದ್ದರೆ, ಕಣ್ಣುಮುಚ್ಚಿ ಒಪ್ಪಿಕೊಳ್ಳಬಹುದು.

ಸವಾಲಿನ ಮಾತಾಯಿತು. ಚೆಲುವಿನ ವಿಷಯದಲ್ಲಿ ಈ ವಾದ ನಿಲ್ಲುತ್ತದೆಯೇ? ನೋಟ ಸಿಗುವುದು ತುದಿಯಲ್ಲಿ, ಬೇಗ ತಲುಪಿದಷ್ಟೂ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. 1,343 ಮೀಟರಿನ ಕೊಡಚಾದ್ರಿ ಇದಕ್ಕೆ ತಕ್ಕ ಉದಾಹರಣೆ. ಅಲ್ಲಿಗೆ ಜೀಪು ಹೋಗುತ್ತದೆ. ಕುಲುಕಾಡಿಸುವ ಕಚ್ಚಾರಸ್ತೆಯಲ್ಲಿ ಕಂಬಿ ಹಿಡಿದು ಕೂತು ಹೋದವರಿಗೆ ಸರ್ವಜ್ಞ ಪೀಠದ ಬಳಿ ಸೂರ್ಯಾಸ್ತ ಸಿಗುತ್ತದೆ, ಒಳ್ಳೆಯ ಸೂರ್ಯಾಸ್ತವೇ. ಹಿಡ್ಲುಮನೆ ಜಲಪಾತದ ದಾರಿಯಲ್ಲಿ ನಡೆದು ಹೋದವರಿಗೂ ಅದೇ ಸೂರ್ಯಾಸ್ತ. ಆದರೆ ಪಶ್ಚಿಮಘಟ್ಟದ ಚೆಲುವು ಒಂದು ನೋಟದಲ್ಲಿ ಮುಗಿಯುವಂಥದ್ದಲ್ಲ. ಅದು ಎತ್ತರಕ್ಕೆ ತಕ್ಕಂತೆ ಬದಲಾಗುತ್ತ ಹೋಗುವ ಸರಣಿ. ಬುಡದಲ್ಲಿ ಸೂರ್ಯನನ್ನೇ ಮರೆಸುವ ನಿತ್ಯಹರಿದ್ವರ್ಣ ಕಾಡು. ಮೇಲೇರಿದಂತೆ ಮರಗಳು ಗಿಡ್ಡವಾಗುತ್ತವೆ, ಕೊಂಬೆಗಳಿಗೆ ಹಾವಸೆ ಹತ್ತುತ್ತದೆ. ಇನ್ನೂ ಮೇಲೆ ಗುಡ್ಡದ ಬೆನ್ನೆಲ್ಲ ಹುಲ್ಲು. ಮಣ್ಣು ಆಳವಿದ್ದು ನೀರು ನಿಲ್ಲುವ, ಗಾಳಿಯ ಹೊಡೆತ ತಪ್ಪುವ ಕಣಿವೆಯ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು ಕಪ್ಪಗೆ ಒತ್ತಿಕೊಂಡಿರುತ್ತದೆ. ಹುಲ್ಲು ಎಲ್ಲಿ ನಿಂತು ಕಾಡು ಎಲ್ಲಿ ಶುರುವಾಗುತ್ತದೆ ಎಂಬ ಆ ಗಡಿ ಕತ್ತರಿಸಿಟ್ಟಷ್ಟು ಚೊಕ್ಕ. ಸೆಕೆಯ ಕಾಡಿನಿಂದ ಹೊರಬಂದು ಹುಲ್ಲಿನ ಗಾಳಿಗೆ ಮುಖ ಕೊಡುವ ಆ ತಿರುವು ಜೀಪಿನವರಿಗೆ ಸಿಗುವುದಿಲ್ಲ. ಎಷ್ಟು ಏರುತ್ತೇವೋ ಅಷ್ಟು ಬಗೆಯ ಕಾಡನ್ನು ದಾಟುತ್ತೇವೆ, ಅಂದರೆ ಕಾಲಿಗೆ ಕಷ್ಟ ಕೊಡುವ ಏರೇ ಕಣ್ಣಿಗೆ ವೈವಿಧ್ಯ ಕೊಡುವುದೂ ಹೌದು. ಅಂದಹಾಗೆ, 1,892 ಮೀಟರಿನ ಕುದುರೆಮುಖದ ತುದಿಯಲ್ಲಿ ನಿಂತವರಿಗೆ ಕುದುರೆಯ ಮುಖ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಬೆಟ್ಟದಿಂದ ದೂರ, ಪಕ್ಕಕ್ಕೆ ಸರಿದು ನಿಲ್ಲಬೇಕು.

ತಿಂಗಳು ಬದಲಾದರೆ ದಾರಿಯೂ ಬದಲಾಗುತ್ತದೆ. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ತಣಿದು ಮಳೆಯಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಸುರಿಯುವುದು ಹೀಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಹಸಿರಿಗೆ ಸಾಟಿಯಿಲ್ಲ, ನಿಜ. ಆದರೆ ಶಿಖರದಲ್ಲಿ ಕಾಣುವುದು ಬರೀ ಬಿಳಿಯ ಮಂಜು, ಇಂಬಳಗಳು ಕಾಲ್ಚೀಲದೊಳಗೆ ನುಸುಳುತ್ತವೆ, ಬೆಳಿಗ್ಗೆ ಕಣಕಾಲಿನಷ್ಟಿದ್ದ ಹಳ್ಳ ಮಧ್ಯಾಹ್ನದ ಮಳೆಗೆ ಸೊಂಟ ಮುಟ್ಟುತ್ತದೆ. ಕುದುರೆಮುಖಕ್ಕೆ ಮುಳ್ಳೋಡಿಯಿಂದ ಹೋಗುವ ದಾರಿ ಇಂಥ ಹಲವು ಹಳ್ಳಗಳನ್ನು ಅಡ್ಡ ದಾಟುತ್ತದೆ. ಹೋಗುವಾಗ ದಾಟಿದ್ದನ್ನು ಬರುವಾಗ ದಾಟಲಾಗದೆ ಇರಬಹುದು. ಮಳೆಗಾಲದ ಮಲೆನಾಡನ್ನು ನೋಡಲೇಬೇಕೆನ್ನುವವರಿಗೆ ಹಳ್ಳ ದಾಟಬೇಕಿಲ್ಲದ ಚಿಕ್ಕ ದಾರಿಗಳೇ ಸರಿ. ಫೆಬ್ರುವರಿಯ ನಂತರ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ, ತೊರೆಗಳಲ್ಲಿ ನೀರಿಲ್ಲ. ಅರಣ್ಯ ಇಲಾಖೆಯೂ ಬಹಳಷ್ಟು ದಾರಿಗಳನ್ನು ಮುಚ್ಚುತ್ತದೆ. ಉದ್ದದ, ಕಠಿಣ ದಾರಿಗಳಿಗೆ ಉಳಿಯುವುದು ಅಕ್ಟೋಬರಿನಿಂದ ಜನವರಿವರೆಗಿನ ನಾಲ್ಕು ತಿಂಗಳು. ಆಗ ತೊರೆಗಳಲ್ಲಿ ನೀರಿರುತ್ತದೆ, ಆಕಾಶ ತೊಳೆದಂತಿರುತ್ತದೆ, ರಾತ್ರಿ ತಣಿದ ಗಾಳಿ ಕಣಿವೆಗೆ ಇಳಿದು ಬೆಳಿಗ್ಗೆ ಮಂಜಿನ ಸಮುದ್ರವಾಗಿ ನಿಂತಿರುತ್ತದೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇಕೆ, ಕರೆದೊಯ್ಯುವವರು ‘ಸುಲಭ’, ‘ಮಧ್ಯಮ’, ‘ಕಠಿಣ’ ಎಂದು ಬರೆದೇ ಇರುತ್ತಾರಲ್ಲ ಎಂಬುದು ಸಾಮಾನ್ಯ ಆಕ್ಷೇಪ. ಆ ಮೂರು ಪದಗಳನ್ನು ಪೂರ್ತಿ ಅಲ್ಲಗಳೆಯಬೇಕಿಲ್ಲ. ಆದರೆ ಅವು ಯಾವುದನ್ನು ಅಳೆಯುತ್ತಿವೆ ಎಂಬುದು ಸ್ಪಷ್ಟವಿಲ್ಲ. ಸ್ವಿಟ್ಜರ್ಲೆಂಡಿನ ಆಲ್ಪೈನ್ ಕ್ಲಬ್ ಕಾಲುದಾರಿಗಳಿಗೆ ಟಿ1ರಿಂದ ಟಿ6ರವರೆಗೆ ದರ್ಜೆ ಕೊಡುತ್ತದೆ. ಅದು ನೋಡುವುದು ನೆಲವನ್ನು: ದಾರಿ ಸ್ಪಷ್ಟವಾಗಿದೆಯೇ, ಕೈ ಬಳಸಬೇಕೇ, ಬಿದ್ದರೆ ಎಲ್ಲಿಗೆ ಬೀಳುತ್ತೇವೆ. ಎಷ್ಟು ಗಂಟೆ ನಡೆಯಬೇಕು, ಎಷ್ಟು ಏರಬೇಕು ಎಂಬುದು ಬೇರೆಯೇ ಲೆಕ್ಕ. ನಮ್ಮಲ್ಲಿ ಇವೆರಡನ್ನೂ ಒಂದೇ ಪದದಲ್ಲಿ ಕಲಸಿಬಿಡುತ್ತೇವೆ. ಅದಕ್ಕೇ ದಿನವೂ ಹತ್ತು ಕಿಲೋಮೀಟರ್ ಓಡುವ ಬೆಂಗಳೂರಿನ ಉದ್ಯೋಗಿ ‘ಕಠಿಣ’ವೆಂದಿದ್ದ ಉದ್ದದ ದಾರಿಯನ್ನು ನಗುನಗುತ್ತಾ ಮುಗಿಸಿ, ‘ಮಧ್ಯಮ’ವೆಂದಿದ್ದ ಬೆಟ್ಟದ ಇಪ್ಪತ್ತು ಅಡಿ ಬಂಡೆಯ ಮುಂದೆ ಕಾಲು ನಡುಗಿ ನಿಲ್ಲುತ್ತಾನೆ. ಕರೆದೊಯ್ಯುವವರನ್ನು ಕೇಳಬೇಕಾದ್ದು ಒಟ್ಟು ಏರು ಎಷ್ಟು ಮೀಟರ್, ಕೈಯೂರಿ ಹತ್ತುವ ಜಾಗ ಇದೆಯೇ, ಕೊನೆಯ ನೀರು ಎಲ್ಲಿ, ಎಷ್ಟು ಗಂಟೆಯಾದರೆ ಶಿಖರ ಮುಟ್ಟದಿದ್ದರೂ ಹಿಂತಿರುಗುತ್ತೀರಿ ಎಂದು. ಕೊನೆಯ ಪ್ರಶ್ನೆಗೆ ತಡವರಿಸುವವರ ಜತೆ ಹೋಗದಿರುವುದೇ ವಾಸಿ.

ಲೆಕ್ಕ ಹಾಕಿ ಹತ್ತಿದರೆ ಚಾರಣದ ಸೊಗಸೇನು ಉಳಿಯಿತು ಎನ್ನುವವರೂ ಇದ್ದಾರೆ. ಆ ಮಾತಿನಲ್ಲಿ ತಿರುಳಿಲ್ಲದೆ ಇಲ್ಲ. ಬೆಟ್ಟದಲ್ಲಿ ಅನಿರೀಕ್ಷಿತಕ್ಕೆ ಜಾಗ ಇರಲೇಬೇಕು. ಆದರೆ ಅನಿರೀಕ್ಷಿತ ಎದುರಾದಾಗ ನಿಂತು ನೋಡಲು ಬಿಡುವಿರುವುದು ಕೈಯಲ್ಲಿ ಹಗಲು ಮಿಕ್ಕಿರುವವರಿಗೆ. ಇನ್ನೊಂದು ಅಪಾಯವೂ ಇದೆ. ನಮ್ಮ ಬೆಟ್ಟಗಳಲ್ಲಿ ಪಳಗಿದವರು ಅದೇ ಅಳತೆಯನ್ನು ಹಿಮಾಲಯಕ್ಕೂ ಹಿಡಿಯುತ್ತಾರೆ. ಕರ್ನಾಟಕದ ಯಾವ ಶಿಖರವೂ 2,000 ಮೀಟರ್ ಮುಟ್ಟುವುದಿಲ್ಲ. ಎತ್ತರದ ಕಾಯಿಲೆ ಕಾಡತೊಡಗುವುದು ಸಾಮಾನ್ಯವಾಗಿ 2,500 ಮೀಟರಿನ ಮೇಲೆ. ಹಾಗಾಗಿ ಇಲ್ಲಿ ಕಲಿಯದ ಪಾಠಗಳು ಅಲ್ಲಿ ಕಾದಿರುತ್ತವೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕು ಕರ್ನಾಟಕದ 9 ಚಾರಣಿಗರು ಸತ್ತರು. ಅವರೇನೂ ಹಗ್ಗ ಕಟ್ಟಿ ಬಂಡೆ ಹತ್ತುತ್ತಿರಲಿಲ್ಲ. ಸರೋವರ ನೋಡಿ ಮರಳುತ್ತಿದ್ದರು. ದಾರಿಯ ಕಷ್ಟಕ್ಕಿಂತ ಹವೆಯ ತಿರುವು ದೊಡ್ಡದಾಗುವ ಜಾಗ ಅದು. ಅಲ್ಲಿ ಎತ್ತರ ಎಷ್ಟು ಎಂಬ ಪ್ರಶ್ನೆ ಖಂಡಿತ ಮುಖ್ಯ. ಘಟ್ಟದಲ್ಲಿ ಮುಖ್ಯವಲ್ಲ ಎಂದದ್ದನ್ನು ಅಲ್ಲಿಗೂ ಅನ್ವಯಿಸಬಾರದು.

ಕೊನೆಯದಾಗಿ ಅನುಮತಿಯ ಗೊಣಗಾಟ. ಬೆಟ್ಟ ಹತ್ತಲೂ ಟಿಕೆಟ್ ಬೇಕೆ ಎಂದು ಕೇಳುವವರು 2024ರ ಜನವರಿ ಕೊನೆಯ ವಾರಾಂತ್ಯದ ಕುಮಾರ ಪರ್ವತವನ್ನು ನೆನಪಿಸಿಕೊಳ್ಳಬೇಕು. ಸಾವಿರಾರು ಜನ ಒಂದೇ ಕಾಲುದಾರಿಯಲ್ಲಿ ಸಾಲುಗಟ್ಟಿದ ದೃಶ್ಯಗಳು ಹೊರಬಂದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಅರಣ್ಯ ಚಾರಣಗಳನ್ನೇ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಬುಕಿಂಗ್ ವ್ಯವಸ್ಥೆ ಬಂತು, ಒಂದು ದಾರಿಗೆ ದಿನಕ್ಕೆ 300 ಮಂದಿಯ ಮಿತಿಯೊಂದಿಗೆ. ಹುಲ್ಲುಗುಡ್ಡದ ಮಣ್ಣು ತೆಳು. ಒಬ್ಬರ ಹಿಂದೊಬ್ಬರು ನಡೆದು ಹುಲ್ಲು ಸತ್ತ ಗೆರೆಯಲ್ಲಿ ಮುಂದಿನ ಮಳೆಯ ನೀರು ಹರಿಯುತ್ತದೆ, ಎರಡು ಮಳೆಗಾಲ ಕಳೆಯುವುದರೊಳಗೆ ಅದು ಕೊರಕಲು. ಕೊರಕಲನ್ನು ತಪ್ಪಿಸಲು ಜನ ಪಕ್ಕದ ಹುಲ್ಲನ್ನು ತುಳಿಯುತ್ತಾರೆ, ಅಲ್ಲಿ ಇನ್ನೊಂದು ಗೆರೆ ಬೀಳುತ್ತದೆ. ಮಿತಿಯ ಸಂಖ್ಯೆ ಬೆಟ್ಟದಿಂದ ಬೆಟ್ಟಕ್ಕೆ ಬೇರೆ ಇರಬೇಕಿತ್ತು, ಕಿರಿದಾದ ದಾರಿಗೂ ಅಗಲವಾದ ದಾರಿಗೂ ಒಂದೇ 300 ಸರಿಯಲ್ಲ ಎಂಬ ಟೀಕೆಯನ್ನು ಒಪ್ಪಬಹುದು; ಮಿತಿಯೇ ಬೇಡ ಎನ್ನುವುದನ್ನು ಒಪ್ಪಲಾಗದು. ಡಿಸೆಂಬರಿನ ಶನಿವಾರಕ್ಕೆ ಕುಮಾರ ಪರ್ವತದ ಟಿಕೆಟ್ ಸಿಗದಿದ್ದರೆ ಮೊದಲ ಸಲ ಹೊರಟವರಿಗೆ ನಷ್ಟವೇನಿಲ್ಲ. ಕಕ್ಕಬ್ಬೆಯ ಬಳಿ, 1792ರಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಪಕ್ಕದಿಂದಲೇ 1,748 ಮೀಟರಿನ ತಡಿಯಂಡಮೋಳ್‌ಗೆ ದಾರಿ ಇದೆ. ಕುಮಾರ ಪರ್ವತಕ್ಕಿಂತ ಎತ್ತರದ ಶಿಖರ, ಅದಕ್ಕಿಂತ ತುಂಬ ಚಿಕ್ಕ ಏರು, ಶೋಲಾ ಮತ್ತು ಹುಲ್ಲು ಎರಡೂ ಉಂಟು; ಕೊನೆಯ ಕಡಿದಾದ ತುಂಡು ಮಾತ್ರ ಉಸಿರು ಹಿಡಿಸುತ್ತದೆ. ಬೆಳಿಗ್ಗೆ ಬೇಗ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಕೆಳಗಿರಬಹುದು, ಭಾನುವಾರ ಇಗ್ಗುತ್ತಪ್ಪ ದೇವಸ್ಥಾನ ನೋಡಿಕೊಂಡು ಮನೆಗೆ ಮರಳಬಹುದು.